ಮಲಕವ್ವ ಹೊಲಿದ ವಿಲಾಯತಿ ಕೋಟು

ನನಗೊಂದು ಕೋಟು ಬೇಕಾಗಿತ್ತು. ನಗಬೇಡಿ. ಕುರಿ ಕಾಯುವವನಿಗೆ ಇದೆಂಥ ಹುಚ್ಚು ಎಂದು ನಮ್ಮೂರು ಸೊರಡಿಯಲ್ಲಿ ಎಲ್ಲರೂ ನಕ್ಕು ಆಗಿದೆ. ಕಂಬಳಿ ಹೊತ್ತು ಒಮ್ಮೆ ಉಮದಿ ಬಸ್ಸು ಹತ್ತಿ ನೋಡಿ, ಗೊತ್ತಾಗುತ್ತದೆ. ಕಂಡಕ್ಟರ್ ನನಗೆ "ಏ, ಹಿಂದ ಸರಿ" ಎನ್ನುತ್ತಾನೆ. ನನ್ನ ಬೆನ್ನಿಗೇ ಕೋಟು ಹಾಕಿಕೊಂಡು ಹತ್ತುವ, ಊರ ಲೆಕ್ಕ ಬರೆಯುವ ತಲಾಠಿಗೆ "ಬರ್ರಿ, ಕುಂದ್ರಿ" ಎನ್ನುತ್ತಾನೆ. ಆ ತಲಾಠಿಯ ಕೋಟಿಗೆ ಒಂದು ಗುಂಡಿಯೂ ಇರಲಿಲ್ಲ! ಒಂದು ಸಲವಾದರೂ ಆ ಕಂಡಕ್ಟರನ ಬಾಯಲ್ಲಿ "ಕುಂದ್ರಿ ಅಮೋಗಸಿದ್ದಪ್ಪಾರ" ಅನ್ನಿಸಬೇಕೆಂದು ನನಗೆ ಹಟವಿತ್ತು.

ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ಉಮದಿಯ ವ್ಯಾಪಾರಿ ದುಂಡಪ್ಪ ದೊಡ್ಡದೊಂದು ಗಂಟು ತಂದು ನಮ್ಮ ಅಂಗಳದಲ್ಲಿ ಇಳಿಸಿದ. ಬಿಚ್ಚಿದರೆ ಎಂಟು ಉಣ್ಣೆಯ ಕೋಟು. ಅದರಲ್ಲೊಂದು ನೀಲಿ, ಅದಕ್ಕೆ ಹಿತ್ತಾಳೆ ಗುಂಡಿ. ಆದರೆ ಎಂಟಕ್ಕೆ ಎಂಟರ ಬೆನ್ನನ್ನೂ ಕೊರಳಿನಿಂದ ಕೆಳತನಕ ಸೀಳಿಬಿಟ್ಟಿದ್ದರು. ನನ್ನ ಹೊಟ್ಟೆ ಉರಿದುಹೋಯಿತು.

"ಯಾವ ದರಿದ್ರದವ ಇದನ್ನ ಸೀಳ್ಯಾನಪಾ?"

"ಕಾಯ್ದೆ ಸೀಳೇತಿ" ಎಂದ ದುಂಡಪ್ಪ. "ಇವು ಫಾರಿನ್ ಮಂದಿ ಹಾಕ್ಕೊಂಡು ಬಿಟ್ಟ ಹಳೇ ಅರಬಿ, ಬಟ್ಟಿ. ಹಡಗದಾಗ ಮುಂಬೈಗಿ ಬರ್ತಾವು. ಅರಬಿ ಅಂದ್ರ ಸರಕಾರ ಒಳಗ ಬಿಡಂಗಿಲ್ಲ, ಚಿಂದಿ ಅಂದ್ರ ಬಿಡ್ತೈತಿ. ಅದಕ್ಕ ಸೀಳಿ ಚಿಂದಿ ಮಾಡಿ ತರ್ತಾರ. ಗಿರಣಿಯವರು ಅದನ್ನ ಹಿಂಜಿ ಮತ್ತ ನೂಲು ಮಾಡ್ತಾರ."

ನಮ್ಮ ಮನೆಗೇ ಯಾಕೆ ತಂದ ಅಂದರೆ, ನನ್ನ ಹೆಂಡತಿ ಮಲಕವ್ವ. ಕಂಬಳಿಯನ್ನು ಎರಡು ಪಟ್ಟಿಯಾಗಿ ನೇಯ್ದು ಆಮೇಲೆ ಕೂಡಿಸಿ ಹೊಲಿಯುತ್ತಾರಲ್ಲ, ಆ ಹೊಲಿಗೆಯಲ್ಲಿ ಮಾಡಗ್ಯಾಳದ ತನಕ ಅವಳ ಕೈಗೆ ಸಮನಾದ ಕೈ ಇಲ್ಲ. ಹಾಗೆಂದು ಅವಳೇ ಹೇಳುತ್ತಾಳೆ.

"ಎಂಟೂ ಹೊಲದ್ ಕೊಡ್ರಿ ಅಕ್ಕಾರ. ಒಂದು ನಿಮಗ ಬಿಡ್ತೀನಿ" ಎಂದ ದುಂಡಪ್ಪ. ಅವನ ಮಾತು ಮುಗಿಯುವುದರೊಳಗೆ ನೀಲಿ ಕೋಟು ನನ್ನ ಕಂಕುಳಲ್ಲಿತ್ತು.

ನಮ್ಮ ಕುರಿಯ ಉಣ್ಣೆಯ ನೂಲಿನಿಂದಲೇ ಅವಳು ಎಂಟೂ ಬೆನ್ನು ಕೂಡಿಸಿದಳು. ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಕಂಬಳಿ ಮಾಡುವ ಮನೆಯ ರೂಢಿ ನೋಡಿ, ಹುಣಸೆ ಬೀಜದ ಗಂಜಿ ಕಾಸಿ ಕೋಟುಗಳಿಗೂ ಬಳಿದುಬಿಟ್ಟಳು! ಬಿಸಿಲಿಗೆ ಒಣಗಿದ ಮೇಲೆ ಅವು ಹಲಗೆಯಷ್ಟು ಬಿರುಸಾದವು. ಅಂಗಳದಲ್ಲಿ ಇಟ್ಟರೆ ತಾವಾಗಿಯೇ ನಿಂತವು, ಎಂಟು ಮಂದಿ, ತಲೆಯಿಲ್ಲದೆ, ಕೈ ಚಾಚಿಕೊಂಡು. ಕಣ್ಣು ಮಬ್ಬಾದ ನೆರೆಮನೆಯ ಯಲ್ಲವ್ವ ಸೆರಗು ತಲೆಯ ಮೇಲೆಳೆದುಕೊಂಡು, "ಅಯ್ಯ ಶಿವನ, ಅಮೋಗಸಿದ್ದನ ಮನಿಗಿ ಎಂಟು ಮಂದಿ ಸಾಹೇಬ್ರು ಬಂದಾರ" ಎಂದು ಊರೆಲ್ಲ ಹೇಳಿ ಬಂದಳು.

ಸುದ್ದಿ ಬಸ್ಸು ಹತ್ತಿ ಜತ್ತಿನ ತಾಲ್ಲೂಕು ಕಚೇರಿಗೆ ಹೋಯಿತು. ತಮಗೆ ತಿಳಿಸದೆ ಬಂದ ಆ ಎಂಟು ಸಾಹೇಬರು ಯಾರೆಂದು ನೋಡಲು ನಾಲ್ಕನೆಯ ದಿನ ಅಲ್ಲಿಯ ಖರೇ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಕೋಟು ತಿರುವಿ ಒಳಗಿನ ಇಂಗ್ಲಿಷ್ ಚೀಟಿ ಓದಿದರು. ಕೋಟು ಒಯ್ಯಲು ಬಂದಿದ್ದ ದುಂಡಪ್ಪ ಅಲ್ಲೇ ಬೆವತುಹೋದ.

ನಮ್ಮ ಸೀಮೆ ಮಹಾರಾಷ್ಟ್ರಕ್ಕೆ ಸೇರಿದ್ದು, ಸಾಹೇಬರ ಮಾತೆಲ್ಲ ಮರಾಠಿ. ನಾನು ಕನ್ನಡದಲ್ಲಿ ಹೇಳುತ್ತೇನೆ. "ಚಿಂದಿಯಾದರೆ ನನಗೆ ಕೆಲಸವಿಲ್ಲ. ಅರಿವೆಯಾದರೆ ಜಪ್ತಿ. ಹೊಲಿಗೆ ಎಳೆದು ನೋಡೋಣ, ಹರಿದರೆ ಚಿಂದಿ."

ಅವರು ಎಳೆದರು, ಹರಿಯಲಿಲ್ಲ. ಜೊತೆಗೆ ಬಂದಿದ್ದ ಕಚೇರಿಯ ಜವಾನ ಪಟ್ಟೇವಾಲಾ ಎಳೆದ, ಹರಿಯಲಿಲ್ಲ. ಮಲಕವ್ವ ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದಳು. ಇವಳಿಗೆ ಬುದ್ಧಿ ಎಲ್ಲಿ ಹೋಯಿತು ಎಂದು ನನ್ನ ಪಿತ್ತ ನೆತ್ತಿಗೇರಿತು. "ನಾ ಎಳೀತೀನಿ ಸಾಹೇಬ್ರ" ಎಂದು ನೀಲಿ ಕೋಟು ಕಸಿದುಕೊಂಡೆ. ಒಂದು ಮಗ್ಗುಲನ್ನು ಕಾಲಿನಿಂದ ಮೆಟ್ಟಿ, ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು, ಅಮೋಗಸಿದ್ದ ದೇವರನ್ನು ನೆನೆದು ಜಗ್ಗಿದೆ. ಪರ್ರ್!

"ಹರೀತು! ಚಿಂದಿ!" ಎಂದು ದುಂಡಪ್ಪ ಕುಣಿದ. ಸಾಹೇಬರಿಗೂ ಜೀವ ಹಗುರವಾಯಿತು. ಮಡಚಲು ಬಾರದ ಎಂಟು ಕೋಟನ್ನು ಜೀಪಿನಲ್ಲಿ ತುಂಬುವುದು ಅವರಿಗೂ ಬೇಡವಾಗಿತ್ತು. ಪಂಚನಾಮೆ ಬರೆದು ಓದಿದರು: "ಹೊಲಿಗೆ ಹರಿದಿದೆ. ಮಾಲು ಚಿಂದಿ." ಹೊಲಿದವಳ ಹೆಬ್ಬೆಟ್ಟು ಒತ್ತಿಸಲು ಕಾಗದ ಮುಂದೆ ಹಿಡಿದರು.

ಮಲಕವ್ವನ ನಗು ಮಾಯವಾಯಿತು. "ಏನಂದ್ರಿ? ಹೊಲಿಗಿ ಹರೀತ? ಕಣ್ಣು ಬಿಟ್ಟು ನೋಡ್ರಿ ಸಾಹೇಬ್ರ. ಹರದದ್ದು ಬಾಜೂಕಿನ ವಿಲಾಯತಿ ಅರಬಿ. ನನ್ನ ಹೊಲಿಗಿ ಇದ್ದಂಗ ಐತಿ!"

ಹೌದು, ಹೊಲಿಗೆಯ ಪಕ್ಕ ಬಟ್ಟೆಯೇ ಗೇಣುದ್ದ ಹರಿದಿತ್ತು. "ಏ, ಸುಮ್ಕಿರ, ನಿನಗ ಕೈ ಮುಗೀತೀನಿ" ಎಂದೆ.

"ನೀವು ಸುಮ್ಕಿರ್ರಿ. ಸುಳ್ಳು ಬರದ್ರ ನಾ ಹೆಬ್ಬಟ್ಟು ಒತ್ತಂಗಿಲ್ಲ."

ಒತ್ತಲಿಲ್ಲ. ಅಷ್ಟಕ್ಕೇ ಬಿಡದೆ ಕಪ್ಪು ಕೋಟೊಂದನ್ನು ತಂದು ಸಾಹೇಬರಿಗೇ ತೊಡಿಸಿ, "ಎಲ್ಲಿ ಸೀಳಿತ್ತು, ತೋರಸ್ರಿ ನೋಡೋಣು" ಎಂದಳು. ಪಟ್ಟೇವಾಲಾ ಬೆನ್ನೆಲ್ಲ ತಡವಿದ. ಅವನಿಗೆ ಸಿಗಲಿಲ್ಲ. ಕೈ ಮಡಚಲಾಗದೆ ನಿಂತಿದ್ದ ಸಾಹೇಬರು ನಿಟ್ಟುಸಿರು ಬಿಟ್ಟು ಹೊಸ ಕಾಗದ ಕೇಳಿದರು: "ಹೊಲಿಗೆ ಉತ್ತಮ. ತೊಡಲು ಯೋಗ್ಯ ಅರಿವೆ. ಜಪ್ತಿ." ಮಲಕವ್ವ ಖುಷಿಯಿಂದ ಹೆಬ್ಬೆಟ್ಟು ಒತ್ತಿದಳು. ಎಂಟೂ ಕೋಟು ಜೀಪಿನಲ್ಲಿ ಹೋದವು.

ನಾಲ್ಕು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಐದನೆಯ ದಿನ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ ಕೇಳಿದಳು: "ಖರೇ ಹೇಳ್ರಿ. ಅವತ್ತ ಪೂರಾ ಜೋರ್ ಹಾಕಿ ಜಗ್ಗಿದ್ರೇನು?"

ಸುಳ್ಳು ಹೇಳಬಹುದಿತ್ತು. ಸಿಟ್ಟಿನಲ್ಲಿ ಖರೇನೇ ಹೇಳಿದೆ. "ಹೂಂ. ನಿನ್ನ ಹೊಲಿಗಿ ಹರೀಲಿ ಅಂತ ದೇವರಿಗಿ ಬೇಡ್ಕೊಂಡು ಜಗ್ಗಿದೆ. ಮೈಯಾಗ ಇದ್ದಬದ್ದ ಶಕ್ತಿ ಎಲ್ಲಾ ಹಾಕಿದೆ. ಹರೀಲಿಲ್ಲ."

ಅವಳ ಮುಖ ಅಷ್ಟು ಅರಳಿದ್ದನ್ನು ನಮ್ಮ ಮದುವೆಯ ದಿನವೂ ನಾನು ನೋಡಿರಲಿಲ್ಲ. ರೊಟ್ಟಿಯ ಮೇಲೆ ಮುದ್ದೆ ಬೆಣ್ಣೆ ಹಾಕಿ ನನ್ನ ಮುಂದಿಟ್ಟು, "ಇನ್ನೊಮ್ಮೆ ಹೇಳ್ರಿ" ಎಂದಳು.