ನಂಬುರಕ್ಕನ ಉಡಿ

ಕಾಗದದ ಮೇಲೆ ಅಕ್ಕಿ ಬೀಳುವ ಸದ್ದಿಗೆ ಎಚ್ಚರವಾಯಿತು. ಸಂಡೂರಿನ ನಮ್ಮ ಕೋಣೆಯಲ್ಲಿ ಅಷ್ಟು ಸಣ್ಣ ಸದ್ದು ಕೇಳುವುದೇ ಇಲ್ಲ. ರಾತ್ರಿಯಿಡೀ ಅದಿರಿನ ಲಾರಿಗಳು ಕಿಟಕಿ ಅದುರಿಸುತ್ತವೆ. ಅವತ್ತು ಘಾಟಿನಲ್ಲಿ ಲಾರಿಯೊಂದು ಮಗುಚಿ ರಸ್ತೆ ಬಂದ್ ಆಗಿತ್ತು.

ನ್ಯಾಂಬುರಾ ಟಾರ್ಚ್ ಹಚ್ಚಿಕೊಂಡು ನೆಲದ ಮೇಲೆ ಕೂತಿದ್ದಳು. ಸಂಜೆ ಬೀಳ್ಕೊಡುವಾಗ ಶಾಲೆ ಮಕ್ಕಳ ತಾಯಂದಿರು ಅವಳ ಉಡಿಗೆ ತುಂಬಿದ್ದ ಅಕ್ಕಿಯನ್ನು ಹಳೆಯ ಪತ್ರಿಕೆಯ ಮೇಲೆ ಸುರಿದುಕೊಂಡಿದ್ದಳು. ಅಕ್ಕಿಯ ನಡುವೆ ಬೀಡಿಯಷ್ಟು ಸಣ್ಣಗೆ ಸುತ್ತಿದ ನೋಟುಗಳು. ಎಲ್ಲ ಹತ್ತು ರೂಪಾಯಿಯವು, ಕೆಂಪು ದೂಳು ಹಿಡಿದವು.

"ಅಕ್ಕಾ, ಇದು ಪಗಾರಾ?" ಎಂದಳು.

ಅವಳು ಕೀನ್ಯಾದ ಹುಡುಗಿ. ಬೆಂಗಳೂರಿನಲ್ಲಿ ಸಮಾಜಕಾರ್ಯ ಓದುತ್ತಿದ್ದಳು. ಗಣಿ ಕೂಲಿಯವರ ಮಕ್ಕಳಿಗೆ ನಮ್ಮ ಸಂಸ್ಥೆ ನಡೆಸುವ ಶಾಲೆಗೆ ಮೂರು ತಿಂಗಳ ತರಬೇತಿಗೆಂದು ಬಂದಿದ್ದಳು. ಮಕ್ಕಳ ಬಾಯಲ್ಲಿ ನಂಬುರಕ್ಕ. ವಿದ್ಯಾರ್ಥಿ ವೀಸಾದವರು ಕಾಲೇಜಿನ ಪತ್ರ ತಂದು ಪುಕ್ಕಟೆ ಕಲಿಯಬಹುದು, ಕಲಿಸಬಹುದು. ದುಡ್ಡು ಮುಟ್ಟಿದರೆ ಅದು ನೌಕರಿಯಾಗುತ್ತದೆ. 'ಯಾವ ರೂಪದಲ್ಲಿಯೂ ಪ್ರತಿಫಲ ನೀಡಿರುವುದಿಲ್ಲ' ಎಂದು ಸಂಸ್ಥೆಯ ಪ್ರಮಾಣಪತ್ರ ಬರೆದವಳು ನಾನೇ, ಸಹಿ ಹಾಕಿದವಳೂ ನಾನೇ. ಬೆಳಿಗ್ಗೆ ಅದನ್ನು ಹೊಸಪೇಟೆಯ ಪೊಲೀಸ್ ಕಚೇರಿಯಲ್ಲಿ ತೋರಿಸಿ ಮುದ್ರೆ ಹಾಕಿಸಬೇಕಿತ್ತು. ಹೋದ ತಿಂಗಳಷ್ಟೇ ಹಂಪಿಯ ಹೋಟೆಲೊಂದರಲ್ಲಿ ಊಟಕ್ಕೂ ಕೈಖರ್ಚಿಗೂ ದುಡಿಯುತ್ತಿದ್ದ ಪರದೇಶದ ವಿದ್ಯಾರ್ಥಿಯೊಬ್ಬನನ್ನು ಊರಿಗೆ ಕಳಿಸಿದ್ದರು. ನ್ಯಾಂಬುರಾಳ ಓದು ಇನ್ನೂ ಒಂದು ವರ್ಷ ಬಾಕಿಯಿತ್ತು.

ಉಡಿ ತುಂಬುವ ಮೊದಲೇ ನಾನು ಹೇಳಿದ್ದೆ: "ರೊಕ್ಕ ಇಡಬ್ಯಾಡ್ರಿ ಯಮನಮ್ಮ. ಆಕಿಗೆ ತೊಂದ್ರಿ ಆಗತೈತಿ."

ಯಮನಮ್ಮ ಗಣಿಯಲ್ಲಿ ಅದಿರು ಒಡೆಯುವವಳು. "ಮೂರು ತಿಂಗಳು ನಮ್ಮ ಹುಡುಗರ ಮೂಗು ಒರಸ್ಯಾಳ. ಗಣಿಯವ್ರು ಕಮ್ಮಿ ಕೊಡ್ತಾರ, ನೀವು ಅದನ್ನೂ ಕೊಡಂಗಿಲ್ಲ. ನಿಮಗಿಂತ ಅವ್ರ ವಾಸಿ ಬಿಡ್ರಿ," ಎಂದಳು.

"ಪಗಾರ ಇಲ್ದ ದುಡಿಯಾಕಿ ಮನಿ ಸೊಸಿ ಒಬ್ಬಾಕಿನ ಅಂದ್ಕೊಂಡಿದ್ದೆ," ಎಂದು ಪಕ್ಕದಲ್ಲಿದ್ದ ಇನ್ನೊಬ್ಬ ತಾಯಿ ಹಂಪಮ್ಮ ಸೇರಿಸಿದಳು. ಎಲ್ಲರೂ ನಕ್ಕರು.

"ಅಕ್ಕಿ ಅಷ್ಟ ಐತ್ರಿ ಮೇಡಂ. ಬೇಕಾದ್ರ ಕೈ ಹಾಕಿ ನೋಡ್ರಿ," ಎಂದಳು ಯಮನಮ್ಮ.

ತುಂಬಿದ ಉಡಿಗೆ ಕೈ ಹಾಕಿ ಯಾರು ಹುಡುಕುತ್ತಾರೆ?

ಈಗ ನ್ಯಾಂಬುರಾ, "ವಾಪಸ್ ಕೊಡೋಣ," ಎಂದಳು.

"ಉಡಿ ತಿರುಗಿಸಬಾರದವ್ವ. ಕೊಟ್ಟವರ ಮನಿಗೆ ಕೇಡು ಅಂತಾರ."

"ಹಂಗಾದ್ರ ಆಫೀಸಿನಾಗ ಕೇಳಿದ್ರ ಹೇಳ್ತೀನಿ. ಸುಳ್ಳು ಹೇಳಂಗಿಲ್ಲ ನಾ."

"ಓದು ಹೋಗತೈತಿ ನೋಡು."

ಅವಳು ನೋಟುಗಳನ್ನು ಒಂದೊಂದಾಗಿ ಬಿಡಿಸಿ ಮೊಣಕಾಲ ಮೇಲೆ ನೀವತೊಡಗಿದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. 'ಯಾವ ರೂಪದಲ್ಲಿಯೂ' ಎಂಬ ಮಾತನ್ನು ಸೇರಿಸು ಎಂದು ಯಾರೂ ಹೇಳಿರಲಿಲ್ಲ. ಎಚ್ಚರಿಕೆಗೆಂದು ನಾನೇ ಸೇರಿಸಿದ್ದೆ. ಬೆಳಗಿನ ಜಾವ ಅರ್ಧ ಗಂಟೆ ಕಣ್ಣು ಹತ್ತಿರಬೇಕು.

ಹೊಸಪೇಟೆಯಲ್ಲಿ ವಿದೇಶಿಯರ ಕಾಗದ ನೋಡುವ ಕೊಟ್ರಯ್ಯನವರು ಪ್ರಮಾಣಪತ್ರವನ್ನು ಎರಡು ಸಲ ಓದಿದರು.

"ಕನ್ನಡ ಬರತೈತೇನಮ್ಮಾ?"

"ಸ್ವಲ್ಪ ಬರತೈತ್ರಿ."

"ಮಸ್ತ್! ಇವರು ದುಡಿಸ್ಕೊಂಡು ಏನರ ಕೊಟ್ರೋ, ಬರೇ ಕೈಲೆ ಕಳಿಸಾಕತ್ತಾರೋ?"

ನ್ಯಾಂಬುರಾ ತನ್ನ ಚೀಲ ತೆರೆದು ಮೇಜಿನ ಮೇಲಿಟ್ಟಳು. "ನನ್ನ ಹತ್ರ ಇಷ್ಟ ಐತ್ರಿ. ನೋಡ್ರಿ." ಬಟ್ಟೆಯ ಮೇಲೆ ತೆಂಗಿನಕಾಯಿ, ಕುಪ್ಪಸದ ಖಣ, ಅಕ್ಕಿಯ ಗಂಟು.

ಅವರು ಅವಳ ಕೈಯ ಹಸಿರು ಬಳೆ ನೋಡಿದರು. ಆಮೇಲೆ ನನ್ನ ಮುಖ. "ಉಡಿ ತುಂಬ್ಯಾರ. ರೊಕ್ಕಗಿಕ್ಕ?"

"ಸಂಸ್ಥೆ ಒಂದು ರೂಪಾಯಿನೂ ಕೊಟ್ಟಿಲ್ಲ ಸರ್," ಎಂದೆ. ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇರಲಿಲ್ಲ.

ಅವರು ಪೆನ್ನಿನ ತುದಿಯಿಂದ ಅಕ್ಕಿಯ ಗಂಟನ್ನು ಒಮ್ಮೆ ಒತ್ತಿ ನೋಡಿದರು. "ಅಕ್ಕಿಗೆ ವೀಸಾ ಬೇಕಿಲ್ಲ ಬಿಡ್ರಿ," ಎಂದು ಮುದ್ರೆ ಒತ್ತಿದರು.

ಸಂಜೆ ಅವಳನ್ನು ರೈಲು ಹತ್ತಿಸಿದೆ. ಕಿಟಕಿಯಿಂದ ಕೈ ಹಿಡಿದು, "ಸಿಟ್ಟು ಮಾಡ್ಕೋಬ್ಯಾಡಕ್ಕ," ಎಂದಳು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಸಂಡೂರಿನ ಬಸ್ಸಿನಲ್ಲಿ ಟಿಕೆಟ್ ತೆಗೆಯಲು ನನ್ನ ಚೀಲದೊಳಗೆ ಕೈ ಹಾಕಿದಾಗ ಪತ್ರಿಕೆಯ ತುಂಡೊಂದು ಸಿಕ್ಕಿತು. ಒಳಗೆ ನೀವಿ ಮಡಿಸಿದ ನೋಟುಗಳು, ನಾಲ್ಕಾರು ಅಕ್ಕಿ ಕಾಳು. ನಾನು ಕಣ್ಣು ಮುಚ್ಚಿದ್ದ ಆ ಅರ್ಧ ಗಂಟೆಯಲ್ಲಿ ಇಟ್ಟಿದ್ದಾಳೆ. ಅವಳು ಸುಳ್ಳು ಹೇಳಿರಲಿಲ್ಲ. ಕೊಟ್ರಯ್ಯನವರ ಮೇಜಿನ ಮುಂದೆ ಆ ದುಡ್ಡನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದವಳು ನಾನು.

"ಚಿಲ್ಲರ ಇಲ್ಲೇನ್ರಿ ಅಕ್ಕಾರ? ಜಲ್ದಿ ಕೊಡ್ರಿ," ಎಂದ ಕಂಡಕ್ಟರ್. ಚೀಲದ ಮೂಲೆಯಲ್ಲಿದ್ದ ನನ್ನ ನೋಟು ತೆಗೆದುಕೊಟ್ಟೆ.

ಬಸ್ಸಿಳಿದು ಶಾಲೆಗೆ ಬಂದಾಗ ಕತ್ತಲಾಗಿತ್ತು. ಯಮನಮ್ಮ ಮಗನನ್ನು ಕರೆದೊಯ್ಯಲು ಬಂದು ಬಾಗಿಲಲ್ಲೇ ಕೂತಿದ್ದಳು.

"ಹೋದಳೇನ್ರಿ? ಉಡಿ ಒಯ್ದಳಿಲ್ಲೋ?"

"ಒಯ್ದಳು," ಎಂದೆ.

"ಹಂಗಾದ್ರ ಸರಿ," ಎಂದು ಸೆರಗು ಕೊಡವಿಕೊಂಡು ಎದ್ದಳು.

ಒಳಗಿನಿಂದ ನಮ್ಮ ಮುಖ್ಯಸ್ಥರಾದ ಗಾದಿಲಿಂಗಪ್ಪನವರು ಕೂಗಿದರು: "ಏನಾತವ್ವ? ಎಲ್ಲಾ ಸುಸೂತ್ರ ಅಲ್ಲ?" ಅವರು ಒಳ್ಳೆಯವರು. ಹೇಳಿದರೆ ದೇಣಿಗೆ ಎಂದು ಅವಳ ಹೆಸರಿಗೆ ರಸೀದಿ ಹರಿಯುತ್ತಾರೆ. ಆ ರಸೀದಿ ಫೈಲಿಗೆ ಹೋಗುತ್ತದೆ, ಫೈಲನ್ನು ಎಂದಾದರೊಂದು ದಿನ ಯಾರಾದರೂ ತೆರೆದು ಈ ದುಡ್ಡು ಅವಳಿಗೆ ಎಲ್ಲಿಂದ ಬಂತೆಂದು ಕೇಳುತ್ತಾರೆ.

"ಎಲ್ಲಾ ಸುಸೂತ್ರ ಸರ್," ಎಂದೆ. ಹೊರಗೆ ಲಾರಿಗಳು ಮತ್ತೆ ಶುರುವಾಗಿದ್ದವು. ಚೀಲವನ್ನು ಹೆಗಲಿನಿಂದ ಇಳಿಸದೆಯೇ ಕುರ್ಚಿಯಲ್ಲಿ ಕೂತೆ. ಇವರಿಗಾಗಲಿ, ಯಮನಮ್ಮನಿಗಾಗಲಿ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡೆ.