ಖಾಲಿ ಕಂಪನಿಯ ಷೇರು ಪತ್ರ

ನಾನೊಂದು ಷೇರು ಪತ್ರ. ಮೂಗು ಮುರಿಯಬೇಡಿ, ನನ್ನನ್ನೂ ಎರಡು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡವರಿದ್ದಾರೆ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ. ದಪ್ಪ ಕಾಗದ, ಸುತ್ತ ಹಸಿರು ಬಳ್ಳಿಯ ಅಂಚು, ನೆತ್ತಿಯ ಮೇಲೆ 'ಕದಂಬತಾರಾ ಅಕ್ವಿಸಿಷನ್ಸ್ ಲಿಮಿಟೆಡ್' ಎಂಬ ದೊಡ್ಡ ಹೆಸರು. ಅಚ್ಚು ಹಾಕುತ್ತಿದ್ದ ವೀರಣ್ಣ, ಪ್ರೂಫ್ ನೋಡಲು ಬಂದಿದ್ದ ಕಂಪನಿಯ ಯಜಮಾನ ಜಯಕುಮಾರ ಬೆಟಗೇರಿಯವರನ್ನು ಕೇಳಿದ: "ಸಾಹೇಬ್ರ, ಈ ಕಂಪನಿ ಏನ್ ತಯಾರ್ ಮಾಡತೈತ್ರಿ?"

"ಸದ್ಯಕ್ಕ ಏನೂ ಇಲ್ಲಪಾ. ಮೊದಲ ರೊಕ್ಕ ಕೂಡಲಿ, ಆಮ್ಯಾಲ ಒಂದು ಛಲೋ ಫ್ಯಾಕ್ಟರಿ ನೋಡಿ ತಗೋತೀವಿ," ಎಂದು ಬೆಟಗೇರಿ ನಕ್ಕರು.

ನನ್ನ ಮೈಮೇಲಿನ ಶಾಯಿ ಇನ್ನೂ ಆರಿರಲಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದ ಕಂಪನಿಗೆ ಹುಟ್ಟಿದೆನಲ್ಲಾ ಎಂದು ಆಗಲೇ ಅಳುಕಾಯಿತು.

ನನ್ನದು ಎರಡು ಭಾಗದ ಮೈ. ಮೇಲಿನದು ಷೇರು, ಒಂದು ಷೇರಿಗೆ ಒಂದು ಮತ. ಕೆಳಗೆ, ಸಣ್ಣ ತೂತುಗಳ ಸಾಲಿನಾಚೆ, ವಾರಂಟಿನ ಚೀಟಿ. ಗಾಬರಿಯಾಗಬೇಡಿ, ಪೊಲೀಸರದ್ದಲ್ಲ. ಮುಂದೆ ಷೇರಿನ ಬೆಲೆ ಎಷ್ಟೇ ಏರಲಿ, ಮೊದಲೇ ಗೊತ್ತುಮಾಡಿದ ಬೆಲೆಗೆ ಇನ್ನಷ್ಟು ಕೊಳ್ಳುವ ಹಕ್ಕು ಅದು. ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರಗಳು: ಹಣ ಯಾರೂ ಮುಟ್ಟದಂತೆ ಬ್ಯಾಂಕಿನ ಟ್ರಸ್ಟ್ ಖಾತೆಯಲ್ಲಿರುತ್ತದೆ, ಎರಡು ವರ್ಷದೊಳಗೆ ಕಂಪನಿ ಒಂದು ಫ್ಯಾಕ್ಟರಿ ಆರಿಸಿ ಸದಸ್ಯರ ಸಭೆ ಕರೆಯಬೇಕು, ಒಪ್ಪಿಗೆಯಾಗದವರು ಸಭೆಗೆ ಐದು ದಿನ ಮುಂಚೆ ಹಿಂಬದಿ ಸಹಿ ಮಾಡಿ ಷೇರಿನ ಭಾಗ ಒಪ್ಪಿಸಿದರೆ ಹಣವೆಲ್ಲ ಬಡ್ಡಿ ಸಮೇತ ವಾಪಸ್. ವಾರಂಟಿನ ಚೀಟಿ ಮಾತ್ರ ಅವರ ಹತ್ತಿರವೇ ಉಳಿಯುತ್ತದೆ. ಎರಡು ವರ್ಷದಲ್ಲಿ ಏನೂ ಕೊಳ್ಳದಿದ್ದರೆ ಎಲ್ಲರ ಹಣವೂ ವಾಪಸ್. ಕೇಳಲು ಎಷ್ಟು ಚೆಂದ!

ಆದರೆ ಅದೇ ದಿನ, ಅದೇ ಯಂತ್ರದಲ್ಲಿ ಕೆಂಪು ಅಂಚಿನ ಇನ್ನೊಂದು ಕಟ್ಟು ಅಚ್ಚಾಯಿತು. ಅವು ಬೆಟಗೇರಿಯವರ ಸ್ವಂತ ಷೇರು. ನಮ್ಮಂಥ ನಾಲ್ಕಕ್ಕೆ ಅವರದ್ದೊಂದು, ಹೆಚ್ಚುಕಡಿಮೆ ಪುಕ್ಕಟೆ. ಮತ ಮಾತ್ರ ನಮ್ಮಷ್ಟೇ, ಫ್ಯಾಕ್ಟರಿ ಕೊಂಡರೆ ಅದರಲ್ಲಿ ಪಾಲೂ ನಮ್ಮಷ್ಟೇ. ಅವಕ್ಕಿದ್ದ ಭಯ ಒಂದೇ: ಟ್ರಸ್ಟಿನ ಹಣದಲ್ಲಿ ಅವಕ್ಕೆ ಪಾಲಿಲ್ಲ, ಎರಡು ವರ್ಷದಲ್ಲಿ ಫ್ಯಾಕ್ಟರಿ ಸಿಗದಿದ್ದರೆ ಶೇಂಗಾ ಕಟ್ಟಲಷ್ಟೇ ಲಾಯಕ್ಕು. ಬೆಟಗೇರಿ ಆ ಕಟ್ಟನ್ನು ತಟ್ಟಿ, "ಛಲೋದು ಸಿಕ್ಕರ ಛಲೋದು, ಇಲ್ಲಂದ್ರ ಎಂಥಾದರ ಒಂದು," ಎಂದು ತಮ್ಮಷ್ಟಕ್ಕೇ ಅಂದುಕೊಂಡದ್ದು ನನಗೆ ಕೇಳಿಸಿತು. ಮನುಷ್ಯರ್ಯಾರೂ ಕೇಳಲಿಲ್ಲ.

ನಾನು ಅಂಚೆಯಲ್ಲಿ ಹಳೇ ಹುಬ್ಬಳ್ಳಿಗೆ, ಶಕುಂತಲಾಬಾಯಿ ಹಂಚಿನಮನಿಯವರ ಕೈಗೆ ಬಂದೆ. ಮೂವತ್ತೆರಡು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಆಗಷ್ಟೇ ನಿವೃತ್ತರಾದವರು. ಬಾಡಿಗೆಗಿದ್ದ ಎರಡು ಕೋಣೆಯ ಮನೆಯನ್ನೇ ಕೊಳ್ಳಬೇಕೆಂಬುದು ಅವರ ಒಂದೇ ಆಸೆ. ಮನೆಯೊಡತಿ ಅಂಬಕ್ಕ ಹೇಳಿದ್ದರು: "ಎರಡು ವರ್ಷ ತಡೀತೀನ್ರಿ ಬಾಯಾರ. ಅಷ್ಟರಾಗ ಆಗಲಿಲ್ಲಂದ್ರ ನನ್ನ ತಮ್ಮನ ಮಗಗ ಕೊಡತೀನಿ." ಕೈಯಲ್ಲಿದ್ದ ಇಡುಗಂಟು ಸ್ವಲ್ಪ ಸಾಲದು. ಬೆಟಗೇರಿ ಬಂದು, "ಕಳಕೊಳ್ಳೂದೇನೈತ್ರೀ? ಬ್ಯಾಡಾದ್ರ ಪೂರ್ತಿ ವಾಪಸ್," ಎಂದಿದ್ದರು. ಅದು ಸುಳ್ಳಂತೂ ಅಲ್ಲ. ಇಡುಗಂಟು ಇಡಿಯಾಗಿ ನನ್ನೊಳಗೆ ಬಂದು ಕೂತಿತು.

ಅವರಿಗೊಂದು ಚಾಳಿ ಇತ್ತು, ಆ ಮಹಾತಾಯಿಗೆ! ಎಳೆಯ ವಯಸ್ಸಿನಲ್ಲಿ ಅವರ ನರ್ಸಿಂಗ್ ಸರ್ಟಿಫಿಕೇಟನ್ನು ಗೆದ್ದಲು ತಿಂದು, ಇನ್ನೊಂದು ಪಡೆಯಲು ಏಳು ಸಲ ಬೆಂಗಳೂರಿಗೆ ಅಲೆದಿದ್ದರಂತೆ. ಅಂದಿನಿಂದ ಯಾವ ಕಾಗದ ಬಂದರೂ ಮೊದಲು ಲ್ಯಾಮಿನೇಷನ್. ರೇಷನ್ ಕಾರ್ಡು, ಗಂಡನ ಮರಣಪತ್ರ, ಕೊನೆಗೆ ಗ್ಯಾಸಿನ ಪುಸ್ತಕದ ಮೊದಲ ಹಾಳೆಗೂ ಪ್ಲಾಸ್ಟಿಕ್ಕು. ನನ್ನನ್ನೂ ಝೆರಾಕ್ಸ್ ಅಂಗಡಿಗೆ ಒಯ್ದರು.

"ದಪ್ಪಂದು ಹಾಕಪಾ, ನೀರು ಬಿದ್ರೂ ಏನೂ ಆಗಬಾರದು," ಎಂದರು.

ಬಿಸಿ ರೋಲರುಗಳ ನಡುವೆ ನಾನು ಹೋಗುವಾಗ ಬೇಡ, ಬೇಡ ಎಂದು ಒದ್ದಾಡಿದೆ. ಬೆನ್ನ ಮೇಲಿನ ಸಹಿಯ ಜಾಗ ಮುಚ್ಚಿತು, ತೂತುಗಳ ಸಾಲು ಕರಗಿದ ಪ್ಲಾಸ್ಟಿಕ್ಕಿನಲ್ಲಿ ಅಂಟಿಕೊಂಡಿತು. ಹೊರಗೆ ಬಂದಾಗ ಥಳಥಳ ಹೊಳೆಯುತ್ತಿದ್ದೆ, ಉಸಿರು ಕಟ್ಟಿತ್ತು. ಶಕುಂತಲಾಬಾಯಿ ನನ್ನನ್ನು ಕಣ್ಣಿಗೊತ್ತಿಕೊಂಡು ಟ್ರಂಕಿನಲ್ಲಿಟ್ಟರು.

ಒಂದು ವರ್ಷ ಹೋಯಿತು, ಸುದ್ದಿಯಿಲ್ಲ. ಇಪ್ಪತ್ತು ತಿಂಗಳಾಯಿತು, ಆಗಲೂ ಇಲ್ಲ. ಕತ್ತಲೆಯ ಟ್ರಂಕಿನಲ್ಲಿ ಮಲಗಿ ನಾನು ಕೆಂಪು ಅಂಚಿನವುಗಳ ಬಗ್ಗೆಯೇ ಯೋಚಿಸುತ್ತಿದ್ದೆ. ದಿನ ಕಳೆದಷ್ಟೂ ಅವಕ್ಕೆ ಹಸಿವು ಹೆಚ್ಚುತ್ತಿರುತ್ತದೆಂದು ಗೊತ್ತಿತ್ತು. ಇಪ್ಪತ್ತಮೂರನೇ ತಿಂಗಳಿಗೆ ಕಾಗದ ಬಂತು: ಒಂದು ಬಿಸ್ಕಿಟ್ ಫ್ಯಾಕ್ಟರಿ ಆರಿಸಿದ್ದೇವೆ, ಸಭೆಗೆ ಬನ್ನಿ. ಬಾಯಿಯವರು ಜಾಣೆ. ಮರುದಿನವೇ ಬಸ್ಸು ಹತ್ತಿ ಫ್ಯಾಕ್ಟರಿ ನೋಡಿಬಂದರು. ಆರು ವರ್ಷದಿಂದ ಬೀಗ, ಭಟ್ಟಿಯೊಳಗೆ ಪಾರಿವಾಳ ಮೊಟ್ಟೆ ಇಟ್ಟಿದ್ದವಂತೆ. "ಬ್ಯಾಡಪ್ಪಾ ಬ್ಯಾಡ," ಎಂದು ಗಡುವಿಗೆ ಎರಡು ದಿನ ಮುಂಚೆಯೇ ನನ್ನನ್ನು ಎತ್ತಿಕೊಂಡು ಷೇರು ಕಚೇರಿಗೆ ಹೋದರು.

ಕೌಂಟರಿನಲ್ಲಿ ದಸ್ತಗೀರಸಾಬರು ನನ್ನನ್ನು ಹೊರಳಿಸಿ ನೋಡಿದರು. ಮುಖ ಸಪ್ಪಗಾಯಿತು.

"ಅಕ್ಕಾರ, ಏನ್ ಮಾಡೀರಿದು? ಸಹಿ ಎಲ್ಲಿ ಮಾಡ್ತೀರಿ? ಚೀಟಿ ಹೆಂಗ್ ಹರೀಲಿ?"

"ಕೆಡಬಾರದಂತ ಹಾಕ್ಸೀನ್ರಿ."

"ಇದನ್ನ ತಗೊಳ್ಳಾಕ ಬರೂದಿಲ್ರಿ. ಬದಲಿ ಪತ್ರ ಮಾಡಿಸಬೇಕು. ಅಫಿಡವಿಟ್ಟು, ಪೇಪರಿನ್ಯಾಗ ಜಾಹೀರಾತು... ಒಂದು ತಿಂಗಳರ ಬೇಕ್ರಿ."

ಬಾಯಿಯವರು ಬ್ಲೇಡು ಕೇಳಿ ತಗೊಂಡರು. ಬೆಂಚಿನ ಮೇಲೆ ಕೂತು, ಗಾಯದ ಪಟ್ಟಿ ಬಿಚ್ಚುವಷ್ಟು ನಾಜೂಕಾಗಿ ನನ್ನ ಮೂಲೆ ಬಿಡಿಸಲು ನೋಡಿದರು. ಪ್ಲಾಸ್ಟಿಕ್ಕಿನ ಜೊತೆಗೆ ನನ್ನ ಹಸಿರು ಅಂಚೂ ಎದ್ದು ಬಂತು. ಅಯ್ಯೋ, ಆ ನೋವು! ಇನ್ನೊಂದು ಮೂಲೆಗೆ ಕೈ ಹಾಕುವಷ್ಟರಲ್ಲಿ ದಸ್ತಗೀರಸಾಬರು ಹೊರಗೆ ಬಂದು, "ಬಿಡ್ರಿ ಅಕ್ಕಾರ, ಹರದರ ಇದ್ದದ್ದೂ ಹೋಗತೈತಿ," ಎಂದು ಬ್ಲೇಡು ತಗೊಂಡರು. ಹಿಂದೆ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಮ್ಮ ಸಾದಾ ಕಾಗದ ಕೊಟ್ಟು, ಚೀಟಿ ಹರಿಸಿಕೊಂಡು ಹೋದರು. ಬಾಯಿಯವರು ಎಲ್ಲರನ್ನೂ ನೋಡುತ್ತ ಕೂತಿದ್ದರು. ಅವರೆಲ್ಲ ಹೊರಗೆ ಒಯ್ದಷ್ಟೂ ಹಣ ಕಡಿಮೆಯಾಗಿ, ಕೆಂಪು ಅಂಚಿನವುಗಳ ಭಾರ ಉಳಿದವರ ಹೆಗಲಿಗೇ ಬೀಳುತ್ತದೆಂದು ಅವರಿಗಿನ್ನೂ ತಿಳಿದಿರಲಿಲ್ಲ.

ಸಭೆ ಒಂದು ಕಲ್ಯಾಣ ಮಂಟಪದಲ್ಲಿ. ಬೇಡ ಎನ್ನುವವರು ಕೈ ಎತ್ತಿ ಎಂದಾಗ ಬಾಯಿಯವರು ನನ್ನನ್ನೇ ಮೇಲೆತ್ತಿ ಹಿಡಿದರು. ಮೇಲಿನಿಂದ ನಾನು ಇಡೀ ಮಂಟಪ ನೋಡಿದೆ. ಎದ್ದ ಕೈ ಅದೊಂದೇ. ಬೇಕು ಎನ್ನುವವರ ಸರದಿ ಬಂದಾಗ ಬೆಟಗೇರಿಯವರ ಜೊತೆ, ಆ ದಿನ ಸಾಲಿನಲ್ಲಿದ್ದವರೂ ಕೈ ಎತ್ತಿದರು! ಸಭೆ ಮುಗಿಯುವವರೆಗೆ ಅವರ ಮತ ಅವರದ್ದೇ. ಷೇರಿನ ಹಣ ಹೇಗೂ ವಾಪಸ್ ಬರುವುದಿತ್ತು. ಜೇಬಿನಲ್ಲಿದ್ದ ವಾರಂಟಿನ ಚೀಟಿಗೆ ಬೆಲೆ ಬರಬೇಕಾದರೆ ಫ್ಯಾಕ್ಟರಿ ಕೊಳ್ಳಲೇಬೇಕಿತ್ತು. ಪಕ್ಕದ ಕುರ್ಚಿಯ ಹೆಂಗಸು, "ನಮ್ಮದೇನ್ ಹೋಗತೈತ್ರಿ?" ಎಂದು ಬಾಯಿಯವರನ್ನೇ ಕೇಳಿದಳು.

ಭಟ್ಟಿ ನಾಲ್ಕು ತಿಂಗಳು ಉರಿದು ಆರಿತು. ನನ್ನನ್ನು ಕೊಟ್ಟ ಬೆಲೆಯ ಹತ್ತರಲ್ಲೊಂದು ಪಾಲಿಗೂ ಕೇಳುವವರಿಲ್ಲ. ಮನೆ ಅಂಬಕ್ಕನ ತಮ್ಮನ ಮಗನಿಗೆ ಹೋಯಿತು. ಶಕುಂತಲಾಬಾಯಿ ಒಂದು ನರ್ಸಿಂಗ್ ಹೋಮಿನ ಹಿಂದಿನ ಖೋಲಿಗೆ ಬಂದು, ಅರವತ್ತೆರಡರಲ್ಲಿ ಮತ್ತೆ ಬಿಳಿ ಸೀರೆ ಉಟ್ಟರು. ನಾನೀಗ ಅಲ್ಲಿನ ಗೂಡಿನಲ್ಲಿದ್ದೇನೆ, ಒಂದು ಮೂಲೆ ಸುಲಿದುಕೊಂಡು. ಬೇರೆ ಕಾಗದಗಳು ಹಳದಿಯಾಗಿ ಪುಡಿಯಾಗುತ್ತವೆ. ನನಗೆ ಆ ಭಾಗ್ಯವೂ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸುಮ್ಮನಿರುತ್ತಿದ್ದೆ. ಬಾಯಿಯವರು ಸಂಬಳದಲ್ಲಿ ಮತ್ತೆ ಒಂದಿಷ್ಟು ಕೂಡಿಟ್ಟಿದ್ದರು. ಹೋದ ವಾರ ಬೆಟಗೇರಿ ಬಂದಿದ್ದರು, ಕೈಯಲ್ಲಿ ಹೊಸ ಅರ್ಜಿ. ಕಂಪನಿಯ ಹೆಸರು 'ಕದಂಬತಾರಾ ಎರಡು'. ಅಂಬಕ್ಕನ ತಮ್ಮನ ಮಗ ಮನೆ ಮಾರುತ್ತಾನೆಂಬ ಸುದ್ದಿಯನ್ನೂ ಅವರೇ ತಂದರು. ಬಾಯಿಯವರು ನನ್ನನ್ನು ಕೆಳಗಿಳಿಸಿ, ಕನ್ನಡಕ ಏರಿಸಿ, ನನ್ನ ಬೆನ್ನಿನ ಅಕ್ಷರಗಳನ್ನೂ ಹೊಸ ಕಾಗದದ ಅಕ್ಷರಗಳನ್ನೂ ಸಾಲು ಸಾಲಾಗಿ ತಾಳೆ ನೋಡಿದರು. ಎಲ್ಲ ಅದೇ.

"ಬ್ಯಾರೇದವ್ರೆಲ್ಲಾ ಪೂರಾ ವಾಪಸ್ ತಗೊಂಡ್ರು, ನಾ ಕಣ್ಣಾರೆ ನೋಡೀನಿ," ಎಂದರು ನಿಧಾನವಾಗಿ. "ತಪ್ಪು ನಂದ ಇತ್ರಿ. ಈ ಸಲ ಪ್ಲಾಸ್ಟಿಕ್ ಹಾಕ್ಸೂದಿಲ್ಲ."

ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನನ್ನ ಭಯಕ್ಕೆ ಕಾರಣವೇ ಅದು: ಅವರಿಗೆ ಪ್ಲಾಸ್ಟಿಕ್ಕು ಕಂಡಿತ್ತು, ಕೆಂಪು ಅಂಚಿನ ಕಟ್ಟು ಕಂಡಿರಲಿಲ್ಲ. ಬೆಟಗೇರಿ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಬರೆಯಲು ಅರ್ಜಿಯ ಕೆಳಗೆ ಗಟ್ಟಿಯಾದುದೊಂದು ಬೇಕಿತ್ತು. ಶಕುಂತಲಾಬಾಯಿ ನನ್ನನ್ನೇ ಕೆಳಗಿಟ್ಟುಕೊಂಡು ಸಹಿ ಮಾಡಿದರು.