ಎಡಕ್ಕೆ ತಿರುಗಿದ ಇಂಜಿನ್

ಸೋಮವಾರ ಬೆಳಿಗ್ಗೆ ಮುಕ್ತಿಯಾರ್ ತನ್ನ ದೋಣಿಯ ಕಾದ ಇಂಜಿನ್ನಿನ ಮೇಲೆ ಒಂದು ಕೊಡ ಹೊಳೆ ನೀರು ಸುರಿದ. ಬೀಡು ಕಬ್ಬಿಣದ ಬ್ಲಾಕು ಟಣ್ ಎಂದಿತು. ಒರೆಸಿ ನೋಡಿದರೆ ಗೇಣುದ್ದದ ಬಿರುಕು. ತಂಪು ನೀರು ಎಳೆಯುವ ಕೊಳವೆಯ ಬಾಯಿಗೆ ಗೊಬ್ಬರದ ಚೀಲದ ಎಳೆಗಳು ಸಿಕ್ಕಿಕೊಂಡಿದ್ದವು, ಅಷ್ಟೇ. ಅವನ್ನು ಕಿತ್ತು ಅರ್ಧ ತಾಸು ಬಿಟ್ಟಿದ್ದರೆ ಇಂಜಿನ್ ತಾನೇ ತಣಿಯುತ್ತಿತ್ತು. ಇಪ್ಪತ್ತು ವರ್ಷ ದೋಣಿ ನಡೆಸಿದವನಿಗೆ ಇದು ಗೊತ್ತಿಲ್ಲದ್ದಲ್ಲ. ಅವಸರವಿತ್ತು.

ಅವಸರಕ್ಕೆ ಕಾರಣ ಅಂದೇ ಬಂದ ಸೂಚನೆ. ಮೇಲಿನ ಅಣೆಕಟ್ಟೆಯಿಂದ ನೀರು ಬಿಡುತ್ತಾರೆ, ಬುಧವಾರ ಸಂಜೆ ನಾಲ್ಕರ ಹೊತ್ತಿಗೆ ಹೊಳೆ ಏರುತ್ತದೆ. ಲಿಂಗಸುಗೂರು ತಾಲ್ಲೂಕಿನ ಆ ದಂಡೆಯಿಂದ ಮುಕ್ಕಾಲು ಕಿಲೋಮೀಟರ್ ಆಚೆ, ಕೃಷ್ಣೆಯ ನಡುವಿನ ಒಂದು ಗಡ್ಡೆಯಲ್ಲಿ, ಹೊನ್ನೂರಪ್ಪನ ನೂರಿಪ್ಪತ್ತು ಕೆಂಗುರಿಗಳಿದ್ದವು. ಕುರಿಗಳ ಜೊತೆ ಅವನ ಹೆಂಡತಿ ಯಮನೂರಮ್ಮ ಇದ್ದಳು. ಗಡ್ಡೆಯಲ್ಲಿ ಮನೆಗಳಿಲ್ಲ. ಬೇಸಿಗೆಗೆ ಮೇಯಿಸಲು ಹೋಗಿ, ಹೊಳೆ ಬರುವ ಮೊದಲು ದೋಣಿಯಲ್ಲಿ ಮರಳುವುದು ರೂಢಿ. ಈ ಸಲ ಹೊಳೆ ಹದಿನೈದು ದಿನ ಮುಂಚೆ ಬರುತ್ತಿತ್ತು.

ಅಲ್ಲಿ ಫೋನು ಹಿಡಿಯುವುದಿಲ್ಲ. ದೋಣಿಯ ಸದ್ದೇ ಸುದ್ದಿ. ಇಂಜಿನ್ ಕೇಳಿಸಿದರೆ ಗಡ್ಡೆಯವರು ಮೂಡಣ ತುದಿಯ ತಗ್ಗಿಗೆ ಇಳಿದು ನಿಲ್ಲಬೇಕು. ದೋಣಿ ಹತ್ತುವುದು ಅಲ್ಲಿಯೇ. ಕುರಿಗಳಿಗೂ ಅದು ಅಭ್ಯಾಸವಾಗಿತ್ತು. ನೀರು ಏರಿದರೆ ಉಳಿಯುವುದು ಪಡುವಣ ತುದಿಯ ಬಂಡೆ ಮಾತ್ರ. ಅದರ ಮೇಲೆ ಒತ್ತಿ ನಿಂತರೆ ನಲವತ್ತು ಕುರಿ ಹಿಡಿಯುತ್ತವೆ.

ಹರಿಗೋಲಿನ ಮಾನಪ್ಪ, "ನೀವು ಇಂಜಿನ್ ನೋಡ್ರಿ, ನಾ ಐದೈದು ತರ್ತಿರ್ತೀನಿ," ಎಂದ. ಮುಕ್ತಿಯಾರ್ ಮತ್ತು ಹೊನ್ನೂರಪ್ಪ ಇಂಜಿನ್ನನ್ನು ಬಾಡಿಗೆ ಟಂಟಂ ಆಟೋದಲ್ಲಿ ಹೇರಿಕೊಂಡು ಹೊರಟರು.

ಲಿಂಗಸುಗೂರಿನ ಲೇತ್ ಅಂಗಡಿಯವನು ಬಿರುಕಿನ ಮೇಲೆ ಉಗುರು ಎಳೆದು ತಲೆಯಾಡಿಸಿದ. ಮಸ್ಕಿಯ ವೆಲ್ಡಿಂಗ್ ಅಂಗಡಿಯವನು, ಬೀಡಿಗೆ ಬೆಸುಗೆ ಹಾಕಲು ಇಡೀ ಬ್ಲಾಕು ಕಾಯಿಸಿ ನಿಧಾನ ಆರಿಸಬೇಕು, ಮೂರು ದಿನ ಬೇಕು ಎಂದ. ಮೂರು ದಿನ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಅವರು ಸಿಂಧನೂರಿನಲ್ಲಿ, ಜಾಹೀದನ ಶೆಡ್ಡಿನ ಮುಂದೆ ನಿಂತಿದ್ದರು. ಜಾಹೀದ್ ಭತ್ತದ ಸೀಮೆಯ ಪಂಪುಸೆಟ್ ಇಂಜಿನ್ನುಗಳ ಮಿಸ್ತ್ರಿ. ಬೋಲ್ಟು ಬಿಚ್ಚುವ ಪಾನಾದಿಂದ ಬ್ಲಾಕಿಗೆ ಎರಡು ಸಲ ತಟ್ಟಿದ.

"ಇದು ಸತ್ತೈತಿ, ಜನಾಜಾ ಎತ್ತೂದೊಂದ ಬಾಕಿ ಐತಿ, ಮುಕ್ತಿಯಾರ್ ಭಾಯ್."

"ಹೊಸಾದು ಎಷ್ಟರಾಗ ಬರ್ತೈತಿ?"

"ಮೊದ್ಲ ನಿಮ್ಮ ಕಿಸೆದಾಗ ಎಷ್ಟೈತಿ ಹೇಳ್ರಿ."

"ಇಪ್ಪತ್ತೆಂಟು ಸಾವಿರ."

"ಹಂಗಾದ್ರ ಹೊಸಾದರ ಮಾತು ಬ್ಯಾಡ. ಒಳಗ ಬರ್ರಿ."

ಒಳಗೆ ಹತ್ತು ಕುದುರೆಶಕ್ತಿಯ ಹಳೆಯ ಡೀಸೆಲ್ ಇಂಜಿನ್ ಇತ್ತು. ಜವಳಗೇರಾ ಕಡೆಯ ರೈತನೊಬ್ಬ ಕರೆಂಟು ಬಂದ ಮೇಲೆ ಮಾರಿದ್ದು. ಜಾಹೀದ್ ಅದಕ್ಕೆ ಹೊಸ ರಿಂಗು ಹಾಕಿದ್ದ. ಹ್ಯಾಂಡಲ್ ಹಾಕಿ ಒಮ್ಮೆ ತಿರುಗಿಸಿದ. ಮೊದಲ ಸುತ್ತಿಗೇ ಹತ್ತಿಕೊಂಡಿತು.

"ಹೊಗಿ ನೋಡ್ರಿ ಯಜಮಾನ್ರ, ಊದಿನಕಡ್ಡಿ ಹಚ್ಚಿದಂಗ ಐತಿ."

ಹೊನ್ನೂರಪ್ಪ ಹೊಗೆ ನೋಡಲಿಲ್ಲ. "ಕುರಿ ಎಳೀತೈತೇನು ಅದನ್ನ ಹೇಳು," ಎಂದ.

"ಕುರಿ ಏನ್ರೀ, ಹತ್ತೆಕರೆ ಗದ್ದಿಗೆ ನೀರು ಎಳದೈತಿ ಇದು. ಬೋಲ್ಟ್ ಹಾಕಾಕ ನಾನೂ ಬರ್ತೀನಿ. ಹೊಳಿ ನೋಡಿದಂಗಾತು."

ಒಂದು ವಿಷಯವನ್ನು ಮೂವರೂ ನೋಡಲಿಲ್ಲ. ಹಳೆಯ ಇಂಜಿನ್ ಬಲಕ್ಕೆ ತಿರುಗುತ್ತಿತ್ತು, ಇದು ಎಡಕ್ಕೆ. ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಇದು ನೋಡುವ ಸಂಗತಿಯೇ ಅಲ್ಲ. ಅಲ್ಲಿ ಇಂಜಿನ್ನಿನಿಂದ ಪಂಪಿಗೆ ಬೆಲ್ಟ್ ಇರುತ್ತದೆ. ಪಂಪು ಉಲ್ಟಾ ತಿರುಗಿದರೆ ಬೆಲ್ಟನ್ನು ನಡುವೆ ಒಮ್ಮೆ ಹೊಸೆದು ಹಾಕುತ್ತಾರೆ, ಕೆಲಸ ಮುಗಿಯಿತು. ಹದಿನಾರು ವರ್ಷದ ಕಸುಬಿನಲ್ಲಿ ಜಾಹೀದ್ ಇಂಜಿನ್ ಯಾವ ಕಡೆ ತಿರುಗುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ. ಮುಕ್ತಿಯಾರನ ದೋಣಿಯಲ್ಲಿ ಬೆಲ್ಟೂ ಇಲ್ಲ, ಗೇರ್‌ಬಾಕ್ಸೂ ಇಲ್ಲ. ಇಂಜಿನ್, ಉದ್ದನೆಯ ರಾಡು, ನೀರೊಳಗಿನ ಪಂಖಾ, ಮೂರೂ ಒಂದೇ ಗೆರೆಯಲ್ಲಿ ಜೋಡಿಸಿದವು. ಹಳೆಯ ಇಂಜಿನ್ ಮತ್ತು ಪಂಖಾ ಕರಾವಳಿಯ ಗುಜರಿಯಿಂದ ಜೋಡಿಯಾಗಿಯೇ ಬಂದಿದ್ದರಿಂದ ಅವನಿಗೂ ಆ ಪ್ರಶ್ನೆ ಎಂದೂ ಎದುರಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಘಾಟಿನಲ್ಲಿ ಮಾನಪ್ಪ ಲೆಕ್ಕ ಕೊಟ್ಟ. ಎರಡು ದಿನದಲ್ಲಿ ಎಂಟು ಸುತ್ತು, ನಲವತ್ತು ಕುರಿ. ಗಾಳಿ ಎದ್ದಿದ್ದರಿಂದ ಇನ್ನು ಹರಿಗೋಲು ಇಳಿಸುವಂತಿರಲಿಲ್ಲ. ಎಂಬತ್ತು ಉಳಿದಿದ್ದವು. ದೋಣಿಗೆ ಒಂದು ಸಲಕ್ಕೆ ಮೂವತ್ತು ಹಿಡಿಯುತ್ತವೆ. ಮೂರು ಸುತ್ತು.

"ಯಮನೂರಮ್ಮ ಕಾಕಿ ಹೆಂಗದಾಳ?" ಮುಕ್ತಿಯಾರ್ ಕೇಳಿದ.

"ಕರದ್ರ ಬರ್ಲಿಲ್ಲ. ಕುರಿ ಎಲ್ಲಾ ದಾಟಿದ ಮ್ಯಾಲ ನಾ ಅಂತ. ಇಂಜಿನ್ ಸಪ್ಪಳ ಕೇಳಿದ ಕೂಡ್ಲೇ ಹೊಡಕೊಂಡು ಇಳೀತಾಳಂತ."

ಹಳೆಯ ತೂತುಗಳಿಗೆ ಹೊಸ ಇಂಜಿನ್ನಿನ ಕಾಲು ಹೊಂದಲಿಲ್ಲ. ಮರ ಕೊರೆದು ಬೋಲ್ಟು ಬಿಗಿಯುವಷ್ಟರಲ್ಲಿ ಹನ್ನೊಂದೂವರೆ. ಜಾಹೀದ್ ಹ್ಯಾಂಡಲ್ ತಿರುಗಿಸಿದ. ಇಂಜಿನ್ ಹತ್ತಿಕೊಂಡಿತು. ದೋಣಿ ಹಿಂದಕ್ಕೆ ಹೊರಟು, ದಂಡೆಯ ಕಲ್ಲಿಗೆ ಹಿಂಬದಿಯನ್ನು ಗುದ್ದಿತು.

"ಹಿಂದಕ್ಕ ಹೊಂಟೈತಲ್ಲಲೇ!" ಹೊನ್ನೂರಪ್ಪ ಕೂಗಿದ.

ಜಾಹೀದ್ ಇಂಜಿನ್ನಿನ ಗಾಲಿಯನ್ನು ನೋಡಿದ, ರಾಡನ್ನು ನೋಡಿದ. "ಬೆಲ್ಟ್..." ಎಂದು ಬಾಯಿ ತೆರೆದು ನಿಲ್ಲಿಸಿದ.

"ಬೆಲ್ಟ್ ಎಲ್ಲೈತಿ ಜಾಹೀದ್ ಭಾಯ್? ತೋರ್ಸು, ನಾನೂ ನೋಡ್ತೀನಿ," ಎಂದ ಮುಕ್ತಿಯಾರ್.

"ಪಂಖಾ ತಿರುವಿ ಹಾಕೂಣು," ಎಂದ ಜಾಹೀದ್. "ಮುಂದಿನ ಮಾರಿ ಹಿಂದಕ್ಕ ಮಾಡಿದ್ರ ಆತು."

ದೋಣಿಯ ಹಿಂಬದಿ ಎತ್ತಿ, ಎದೆಮಟ್ಟದ ನೀರಿನಲ್ಲಿ ನಿಂತು ಪಂಖಾ ಬಿಚ್ಚಿ, ತಿರುವಿ ಹಾಕಿದರು. ಎರಡು ತಾಸು ಹೋಯಿತು. ಇಂಜಿನ್ ಚಾಲೂ ಮಾಡಿದರೆ ದೋಣಿ ಮತ್ತೆ ಹಿಂದಕ್ಕೇ ಹೋಯಿತು. ಪಂಖಾವನ್ನು ಯಾವ ಮುಖವಾಗಿ ಹಾಕಿದರೂ ರೆಕ್ಕೆಯ ಓರೆ ಬದಲಾಗುವುದಿಲ್ಲ. ತಿರುಪನ್ನು ತಲೆಕೆಳಗು ಹಿಡಿದರೂ ಅದು ಬಲಕ್ಕೇ ಬಿಗಿಯುವ ಹಾಗೆ. ಸರಿಯಾದ ದಾರಿ ಜಾಹೀದನಿಗೆ ಆಮೇಲೆ ಹೊಳೆಯಿತು. ಇಂಜಿನ್ನನ್ನೇ ಹಿಂದುಮುಂದು ಕೂಡಿಸಿ, ಇನ್ನೊಂದು ತುದಿಗೆ ರಾಡು ಜೋಡಿಸಬೇಕು. ಆ ತುದಿಗೆ ಬೇಕಾದ ಕಪ್ಲಿಂಗನ್ನು ಲೇತಿನಲ್ಲಿ ಕಡೆಸಬೇಕು, ಒಂದು ದಿನದ ಕೆಲಸ. ಆಗ ಎರಡು ಗಂಟೆ.

ಹೊನ್ನೂರಪ್ಪ ತಾಲ್ಲೂಕು ಕಚೇರಿಗೆ ಫೋನ್ ಹಚ್ಚಿದ. ರಕ್ಷಣಾ ದೋಣಿ ಬೇರೆ ಕಡೆ ಇದೆ, ನಾಳೆ ಬೆಳಿಗ್ಗೆ ಬರುತ್ತದೆ, ಮನುಷ್ಯರನ್ನು ತರಬಹುದು, ಕುರಿಗಳನ್ನಲ್ಲ ಎಂದರು.

"ಹಿಂದಕ್ಕಾರ ಹೋಗ್ಲಿ. ಹೋಗ್ತೈತಲ್ಲ?" ಎಂದ ಹೊನ್ನೂರಪ್ಪ. "ಹಿಂದಕ್ಕ ಹೋಗಿ ತರೂಣು."

ಹಾಗೆಯೇ ಹೋದರು. ದೋಣಿಯ ಚಪ್ಪಟೆ ಹಿಂಬದಿ ನೀರನ್ನು ಸೀಳದೆ ತಳ್ಳುತ್ತಿತ್ತು. ಚುಕ್ಕಾಣಿ ಮಾತು ಕೇಳುತ್ತಿರಲಿಲ್ಲ. ಮುಕ್ತಿಯಾರ್ ಒಂದು ಕಡೆ, ಮಾನಪ್ಪ ಇನ್ನೊಂದು ಕಡೆ ಹುಟ್ಟು ಹಿಡಿದು ದಿಕ್ಕು ಕಾಯ್ದರು. ಯಮನೂರಮ್ಮ ಆಗಲೇ ಕುರಿಗಳನ್ನು ತಗ್ಗಿಗೆ ಇಳಿಸಿ ನಿಂತಿದ್ದಳು. ಹಿಂಬದಿ ಮುಳುಗದಿರಲು ಭಾರವೆಲ್ಲ ಮೂತಿಯ ಕಡೆಗೇ ಇರಬೇಕು. ಅಲ್ಲಿ ಹಿಡಿದದ್ದು ಹನ್ನೆರಡು ಕುರಿ.

"ಏನ್ ಮಾವ, ದೋಣಿಗೆ ದೆವ್ವ ಬಡದೈತೇನು, ಬೆನ್ನು ಮಾಡಿ ಬರಾಕತ್ತೈತಿ?" ಯಮನೂರಮ್ಮ ಗಂಡನನ್ನು ಕೇಳಿದಳು.

"ದೋಣಿ ಹತ್ತು. ಆಮ್ಯಾಲ ಹೇಳ್ತೀನಿ."

"ಇವನ್ನ ಇಳಿಸಿ ಬರ್ರಿ. ನಾ ಹೋದ್ರ ಉಳದವು ಚೆದರ್ತಾವ."

ಈ ದಂಡೆಗೆ ಬಂದು ಹನ್ನೆರಡನ್ನು ಇಳಿಸಿ ಮತ್ತೆ ಹೊರಟಾಗ ಮೂರೂಮುಕ್ಕಾಲು. ಹೊಳೆಯ ಬಣ್ಣ ಬದಲಾಗಿತ್ತು. ಕಾಲು ಭಾಗ ದಾರಿ ಹೋಗುವಷ್ಟರಲ್ಲಿ ಸೆಳೆತ ಅಡ್ಡಲಾಗಿ ಹಿಡಿಯಿತು. ದೋಣಿ ಗರಗರ ಎರಡು ಸುತ್ತು ಸುತ್ತಿತು. ಮಾನಪ್ಪನ ಹುಟ್ಟು ಮುರಿಯಿತು. ಮುನ್ನೂರು ಮೀಟರ್ ಕೆಳಗೆ, ಹೊರಟ ದಂಡೆಯಲ್ಲೇ, ಜಾಲಿ ಪೊದೆಗೆ ಬಂದು ಸಿಕ್ಕಿಕೊಂಡರು. ಮಾನಪ್ಪ ಹಗ್ಗ ಕಟ್ಟಿದ. ಇಂಜಿನ್ ಮಾತ್ರ ಒಂದೇ ಹದದಲ್ಲಿ ಓಡುತ್ತಿತ್ತು. ಕೆಮ್ಮಲಿಲ್ಲ, ಕಾಯಲಿಲ್ಲ.

"ಇನ್ನೊಮ್ಮಿ ನೋಡೂಣು ಕಾಕಾ," ಎಂದ ಮುಕ್ತಿಯಾರ್. "ದಂಡಿಗುಂಟ ಮ್ಯಾಲಕ್ಕ ಎಳಕೊಂಡು ಹೋಗಿ ಅಲ್ಲಿಂದ ಬಿಟ್ರ..."

ಹೊನ್ನೂರಪ್ಪ ಗಡ್ಡೆಯನ್ನೇ ನೋಡುತ್ತಿದ್ದ. ತಗ್ಗಿನಲ್ಲಿ ಕೆಂಪು ಕುರಿಗಳ ಹಿಂಡು, ಮುಂದೆ ಹಸಿರು ಸೀರೆ. ನೀರು ಅವರ ಹತ್ತಿರ ಬಂದಿತ್ತು. ಹಿಂಡು ಕದಲಲಿಲ್ಲ.

"ಬಂದ್ ಮಾಡು," ಎಂದ.

"ಕಾಕಾ?"

"ಇಂಜಿನ್ ಬಂದ್ ಮಾಡಲೇ. ಸಪ್ಪಳ ಇರೂತನ ಆಕಿ ನಾವು ಬರಾಕತ್ತೀವಿ ಅನ್ಕೊಂಡು ತಗ್ಗಿನ್ಯಾಗ ನಿಂತಿರ್ತಾಳ."

ಮುಕ್ತಿಯಾರನ ಕೈ ಇಂಜಿನ್ ನಿಲ್ಲಿಸುವ ಹಿಡಿಯ ಮೇಲಿತ್ತು, ಎಳೆಯಲು ಮನಸ್ಸಾಗಲಿಲ್ಲ. ಜಾಹೀದ್ ಬಗ್ಗಿ ಡೀಸೆಲ್ ನಿಲ್ಲಿಸಿದ. ಇಂಜಿನ್ ನಾಲ್ಕು ಸಲ ಬಡಿದು ನಿಂತಿತು. ಆಮೇಲೆ ಹೊಳೆಯ ಸದ್ದು ಮಾತ್ರ ಉಳಿಯಿತು.

ಸ್ವಲ್ಪ ಹೊತ್ತು ಆಚೆ ಏನೂ ಆಗಲಿಲ್ಲ. ಹಸಿರು ಸೀರೆ ಈ ಕಡೆಗೇ ಮುಖ ಮಾಡಿ ನಿಂತಿತ್ತು. ನಂತರ ತಿರುಗಿ ಪಡುವಣ ಬಂಡೆಯ ಕಡೆ ನಡೆಯತೊಡಗಿತು. ಮುಂದಿನ ಕುರಿಗಳು ಹಿಂಬಾಲಿಸಿದವು. ಹಿಂದಿನವು ಇನ್ನೂ ನೀರಿನಂಚಿನಲ್ಲಿ ನಿಂತು ದೋಣಿ ಬರುವ ದಿಕ್ಕನ್ನು ನೋಡುತ್ತಿದ್ದವು.

ಅರವತ್ತೆಂಟು ಉಳಿದಿದ್ದವು, ಬಂಡೆ ಹಿಡಿಯುವುದು ನಲವತ್ತು. ಬಂಡೆಗೆ ಎಷ್ಟು ಹತ್ತಿದವೆಂದು ಹೊನ್ನೂರಪ್ಪ ಬೆರಳು ಮಡಚುತ್ತ ಎಣಿಸಲು ನೋಡಿದ. ಅಷ್ಟು ದೂರದಿಂದ ಎಣಿಸಲು ಬರುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದ.